ಕುಂಕುಮ ಹಚ್ಚಿದ ಮಿಕ್ಸರ್

ನನಗ ಓದಾಕ ಬರಂಗಿಲ್ಲ, ಈಗಿನ ಯಂತ್ರಗಳಿಗೆ ಬರ್ತದ. ವಾರಂಟಿ ಚೀಟಿ ಮ್ಯಾಲಿನ ತಾರೀಖು ನೋಡಿಕೊಂಡೇ ಕೆಡ್ತಾವ. ಮನಿಮನಿಗೂ ಇದೇ ಗೋಳು. ನನ್ನ ಮಿಕ್ಸರ್ ಮಾತ್ರ ನನ್ನಂಗ ಸಾಲಿ ಕಲ್ತಿದ್ದಿಲ್ಲ, ತಾರೀಖಿಗಿಂತ ಮೊದಲೇ ಕೆಟ್ಟಿತು. ಮೊಮ್ಮಗಳ ಕೈಲೆ ಬರೆಸಲಿಕತ್ತೇನಿ, ಕೇಳ್ರಿ.

ಹೊಣಿ

ನಮ್ಮೂರು ಭಾತಂಬ್ರಾದಾಗ ಬಾವಿ ಬತ್ತಿ, ನಮ್ಮ ಓಣಿ ಅರ್ಧಕ್ಕರ್ಧ ಹೈದ್ರಾಬಾದಿಗೆ ದುಡಿಯಾಕ ಹೊಂಟ ವರ್ಷ ಅದು. ಹೋಗೋರೆಲ್ಲ ರೊಟ್ಟಿಗೆ ಹಚ್ಚಿಕೊಳ್ಳೋ ಶೇಂಗಾದ ಹಿಂಡಿ, ಅಂದ್ರ ಚಟ್ನಿಪುಡಿ, ಕಟಗೊಂಡು ಹೋಗೋರು, ತಿಂಗಳಾದ್ರೂ ಕೆಡಂಗಿಲ್ಲ ಅಂತ. ಹಿಂಡಿ ಮಾಡಿಕೊಡೋದೇ ನನ್ನ ಹೊಟ್ಟಿಪಾಡು. ಅದಕ್ಕಂತ ಭಾಲ್ಕಿಗೆ ಹೋಗಿ ಮಿಕ್ಸರ್ ಕೊಂಡೆ.

ಅಂಗಡಿ ಸಾವಕಾರ ಕಾಯಿ ಒಡೆದು, ಮಿಕ್ಸರಿಗೆ ತಾನೇ ವಿಭೂತಿ, ಕುಂಕುಮ ಹಚ್ಚಿ ಕೊಟ್ಟ. ಎಷ್ಟು ವರ್ಷ ಬಾಳ್ತದ ಅಂತ ಕೇಳಿದ್ರ, ಎರಡು ವರ್ಷ ವಾರಂಟಿ ಅಂದ.

"ಅದು ನಿನ್ನ ಹೊಣಿ ಆತು, ಸಾವಕಾರ. ನಾ ಕೇಳಿದ್ದು ಮಿಕ್ಸರಿನ ಆಯುಷ್ಯ."

ಕುಂಕುಮದ ತಪ್ಪು

ಏಳನೇ ತಿಂಗಳಿಗೆ ಮಿಕ್ಸರ್ ಗುರ್ ಅಂತು, ಒಳಗಿನ ಬ್ಲೇಡ್ ತಿರುಗಲಿಲ್ಲ. ಬಾಜೂ ಮನಿಯಾಕಿ ಮಕ್ಕಳನ್ನ ಕಟಗೊಂಡು ಅವತ್ತೇ ಸಂಜಿ ಬಸ್ಸಿಗೆ ಹೊಂಟಾಳ. ಹಿಂಡಿ ಇಲ್ಲದ ಹ್ಯಾಂಗ ಕಳಸಲಿ? ಹುರಿದ ಶೇಂಗಾದ ಡಬ್ಬಿ, ಮಿಕ್ಸರ್ ಎರಡೂ ಹೊತಗೊಂಡು ಭಾಲ್ಕಿಗೆ ನಡೆದೆ.

ಸಾವಕಾರ ಬಿಚ್ಚಿ ನೋಡಿ, ಒಳಗ ಕುಂಕುಮ ಹೋಗ್ಯಾದ, ವಾರಂಟಿ ನಡೆಯಂಗಿಲ್ಲ ಅಂದ. ಹಚ್ಚಿದಾವ ನೀನೇ ಅಲ್ಲೇನು ಅಂದ್ರ, ಪೂಜಿ ಬ್ಯಾರೆ, ಕಂಪನಿ ಕಾನೂನು ಬ್ಯಾರೆ ಅಂತಾನ.

ಅವನ ರೊಕ್ಕದ ಗಲ್ಲಾಪೆಟಗಿ ನೋಡಿದೆ. ಅದಕ್ಕೂ ಬೆರಳಗಲ ಕುಂಕುಮ.

"ಹಂಗಾದ್ರ ಇದೂ ಇವತ್ತಿಂದ ನಡೆಯಂಗಿಲ್ಲ. ಮುಚ್ಚು."

ಹೆಬ್ಬಟ್ಟು

ಆಮ್ಯಾಲೆ ಅವ ದನಿ ಇಳಿಸಿದ. ಈ ಮಾಡೆಲ್ಲಿನ ಸಾಮಾನು ಬರೋದು ನಿಂತಾದ ಆಯಿ, ಹೊಸಾದು ಒಯ್ಯಿರಿ ಅಂದ.

ಏಳು ತಿಂಗಳ ಕೂಸಿಗೆ ಔಷಧನೇ ಇಲ್ಲ ಅಂದಂಗಾತು. ನಾ ಜಗಳಾಡಲಿಲ್ಲ. ಪಕ್ಕದ ಚಹಾದಂಗಡಿಯ ಶುಂಠಿ ಕುಟ್ಟೋ ಕಲ್ಲು ಇಸಕೊಂಡು ಬಂದು, ಅವನ ಬಾಗಿಲದಾಗೇ ಕೂತು ಶೇಂಗಾ ಕುಟ್ಟಾಕ ಹತ್ತಿದೆ. ಮಿಕ್ಸರ್ ಕೊಳ್ಳಾಕ ಬಂದೋರೆಲ್ಲ ಇದೇನಾಯಿ ಅಂತ ಕೇಳೋರು. ಅಂಗೈಗೆ ಚಿಟಿಕಿ ಹಿಂಡಿ ಹಾಕಿ, ಇವರ ಮಿಕ್ಸರ್ ಹಿಂಗ ನಡೀತಾವ ನೋಡವ್ವಾ ಅನ್ನಾಕಿ. ಮೂರು ಮಂದಿ ಹಿಂಡಿ ಚಪ್ಪರಿಸಿಕೋತ ಎದುರಿನ ಅಂಗಡಿಗೆ ಹೋದ್ರು.

ನಾಲ್ಕನೇಯಾಕಿ ಬರೋದ್ರಾಗ ಇಲ್ಲದ ಸಾಮಾನು ಸಿಕ್ಕಿತು. ಅಂಗಿ ಗುಂಡಿಯಷ್ಟು ರಬ್ಬರ್ ತುಂಡು! ಚಹಾ ಆರೋದ್ರಾಗ ಮಿಕ್ಸರ್ ತಿರುಗಿತು. ಉಳಿದ ಹಿಂಡಿ ಅಲ್ಲೇ ಅವನ ಕರೆಂಟಿನ ಮ್ಯಾಲೇ ಮಾಡಿಕೊಂಡೆ. ಬಾಜೂ ಮನಿಯಾಕಿ ಗಂಟು ಕಟ್ಟೋ ಹೊತ್ತಿಗೆ ಮುಟ್ಟಿಸಬೇಕಲ್ಲ.

ಏಳೋವಾಗ ಸಾವಕಾರ ಕಾಗದ ಹಿಡಿದು ಬಂದ. ದುರಸ್ತಿ ಸರಿಯಾಗ್ಯಾದ ಅಂತ ಸಹಿ ಹಾಕ್ರಿ, ಇದರ ಮ್ಯಾಲೆ ತಿಂಗಳೊಪ್ಪತ್ತು ನನ್ನ ಹೊಣಿ ಅಂದ. ಸಹಿ ಬರಂಗಿಲ್ಲ ಅಂದಿದ್ದಕ್ಕ ಶಾಯಿ ಡಬ್ಬಿ ತಂದ. ಗಟ್ಟಿಯಾಗಿ ಹೆಬ್ಬಟ್ಟು ಒತ್ತಿ, ಆ ಬೆರಳು ಅವನ ಮಾರಿ ಮುಂದ ಹಿಡಿದೆ.

"ನೋಡಿಕೋ ತಮ್ಮಾ, ಎಪ್ಪತ್ತು ವರ್ಷದ ಹಳೇ ಮಾಲು. ಇವತ್ತಿನ ತನಕ ಒಂದು ಸಾಮಾನೂ ಬದಲಿಸಿಲ್ಲ."