ನಾನು ಕತ್ತಲೆ ಕಾದ ದಿನಗಳು

ಯುದ್ಧ ಅಂದರೆ ಯಾರಿಗಾದರೂ ಎದೆ ನಡುಗಬೇಕು. ನನಗೆ ಮಾತ್ರ ನಗು ಬರುತ್ತದೆ. ತಪ್ಪು ನನ್ನದಲ್ಲ, ನಮ್ಮ ಜನರದು. ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ನಾನು ಸಾಸ್ವೆಹಳ್ಳಿ ಹತ್ತಿರದ ಒಂದು ಊರಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಹೊನ್ನಾಳಿಯಲ್ಲಿ ಸಾಹೇಬರೊಬ್ಬರು ನಮ್ಮನ್ನೆಲ್ಲ ಕೂರಿಸಿಕೊಂಡು, ಸಂಜೆಯಾದರೆ ಊರು ಕತ್ತಲಾಗಿರಬೇಕು, ವಿಮಾನ ಬಂದರೆ ಜನ ಒಳಗಿರಬೇಕು ಅಂತ ಪಾಠ ಹೇಳಿದರು. ಕೊನೆಗೆ, "ತಪಾಸಣೆಗೆ ನಾನೇ ಬರ್ತೀನಿ. ಒಂದು ದೀಪ ಕಂಡರೂ ಆ ಊರಿನ ಮೇಷ್ಟ್ರನ್ನ ಶರಾವತಿ ಹಿನ್ನೀರಿನಾಚೆಗೆ ವರ್ಗ ಹಾಕಿಸ್ತೀನಿ" ಅಂದರು.

ಮನೆಯಲ್ಲಿ ಹೆಂಡತಿ ಹಸಿ ಬಾಣಂತಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗಳು. ಆ ಕೂಸನ್ನು ಬಿಟ್ಟು ದೋಣಿ ಹತ್ತೋದು ನನ್ನಿಂದ ಆಗದ ಮಾತು.

ಗಿರಣಿಯ ಕೂಗು

ಸೈರನ್ ಎಲ್ಲಿಂದ ತರೋಣ? ನಮ್ಮ ಹಿಟ್ಟಿನ ಗಿರಣಿಯ ಇಂಜಿನ್ನು "ಕುಕ್ ಕುಕ್" ಅಂತ ಕೂಗಿದರೆ ಹೊಲದ ತನಕ ಕೇಳುತ್ತಿತ್ತು. ಅದನ್ನೇ ಗೊತ್ತು ಮಾಡಿದೆ. ಗಿರಣಿ ಕೂಗಿದ ತಕ್ಷಣ ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಅಂತ ಡಂಗುರವೂ ಆಯಿತು.

ಅಭ್ಯಾಸದ ದಿನ ಗಿರಣಿ ಕೂಗಿತು. ಮುಚ್ಚಿದ್ದ ಬಾಗಿಲೂ ತೆರೆದವು! ಊರ ಹೆಂಗಸರೆಲ್ಲ ಜೋಳದ ಪುಟ್ಟಿ ಹೊತ್ತು ಗಿರಣಿ ಮುಂದೆ ಸಾಲು ನಿಂತರು.

"ಅಯ್ಯೋ, ಇದು ಬಾಂಬಿನ ಕೂಗು ಕಣ್ರಮ್ಮ, ಒಳಗೆ ಹೋಗ್ರಿ!" ಅಂತ ಬಾಯಿ ಬಾಯಿ ಬಡಿದುಕೊಂಡೆ.

ಮುಂದಿದ್ದ ಅಜ್ಜಿ ಜಗ್ಗಲಿಲ್ಲ. "ಹೋಗ್ತೀನಿ ತಡೀರಿ ಮೇಷ್ಟ್ರೆ. ಹೆಂಗೂ ಇಂಜಿನ್ ಚಾಲೂ ಐತೆ, ನಂದೊಂದು ಪುಟ್ಟಿ ಬೀಸಿಸ್ಕೊಂಡು ಹೋಗ್ತೀನಿ."

ಗುಂಡಿ

ಬಾಂಬು ಬಿದ್ದರೆ ಮಕ್ಕಳು ಅಡಗಲಿ ಅಂತ ಶಾಲೆಯ ಹಿಂದೆ ಉದ್ದನೆಯ ಗುಂಡಿ ತೋಡಿಸಿದೆ. ಮಾರನೆಯ ಬೆಳಗ್ಗೆ ನೋಡಿದರೆ ಅರ್ಧ ಗುಂಡಿ ಸಗಣಿ! ಪಕ್ಕದ ಮನೆಯ ಗೌಡರು ಇನ್ನೊಂದು ಮಂಕರಿ ತರುತ್ತಿದ್ದರು.

"ಏನ್ರೀ ಗೌಡ್ರೆ ಇದು?"

"ಒಳ್ಳೆ ಗುಂಡಿ, ಸುಮ್ನೆ ಖಾಲಿ ಬಿದ್ದಿತ್ತಲ್ರಿ."

"ಬಾಂಬು ಬಿದ್ದರೆ ನಾವು ಇದರಲ್ಲೇ ಮಲಗಬೇಕು ಕಣ್ರೀ!"

ಗೌಡರು ಮಂಕರಿ ಸುರಿದು, ಸಮಾಧಾನವಾಗಿ ಹೇಳಿದರು: "ಮಲಗ್ರಿ ಮೇಷ್ಟ್ರೆ, ಯಾರು ಬ್ಯಾಡ ಅಂದ್ರು? ಮೆತ್ತಗಿರ್ತೈತೆ."

ಕೋಣೆಯ ದೀಪ

ಅಂತೂ ಇಂತೂ ಊರು ಕತ್ತಲಾಗೋದನ್ನು ಕಲಿಯಿತು. ಆದರೆ ಒಂದು ಮನೆಯಲ್ಲಿ ಮಾತ್ರ ದೀಪ. ಅದು ನನ್ನದೇ ಮನೆ! ಬಾಣಂತನಕ್ಕೆ ನ್ಯಾಮತಿಯಿಂದ ಬಂದಿದ್ದ ಅತ್ತೆ, ಬಾಣಂತಿ ಕೋಣೆಯಲ್ಲಿ ದೀಪ ಆರಿಸಬಾರದು ಅಂತ ಹಟ ಹಿಡಿದು ಕೂತಿದ್ದರು. ಹಿನ್ನೀರಿನ ಕತೆ ಹೇಳಿ ಕೈ ಮುಗಿದೆ.

"ಕೂಸಿನ ಕೋಣೆ ಕತ್ಲು ಮಾಡಾಕೆ ನಾ ಬಿಡಂಗಿಲ್ಲ ಅಳಿಯಂದ್ರೆ. ಇಲ್ಲಿ ಬಾಣಂತಿ ಅದಾಳೆ ಅಂತ ವಿಮಾನದೋರಿಗೇ ಹೇಳ್ರಿ" ಅಂದರು. ಆಮೇಲೆ ನನ್ನ ಮುಖ ನೋಡಿ ಕನಿಕರ ಬಂತೇನೋ, ಸಗಣಿ ಬಳಿದ ಪುಟ್ಟಿಯೊಂದನ್ನು ತಂದು ಲಾಟೀನಿನ ಮೇಲೆ ಕವುಚಿ ಹಾಕಿದರು. ದೀಪವೂ ಆರಲಿಲ್ಲ, ಬೆಳಕೂ ಹೊರಗೆ ಬರಲಿಲ್ಲ. ಆದರೂ ನನಗೆ ಪುಕುಪುಕು.

ತಪಾಸಣೆಯ ಸಂಜೆ ಊರೆಲ್ಲ ಗವ್ ಅನ್ನುತ್ತಿತ್ತು. ಅಷ್ಟರಲ್ಲಿ ಸಾಹೇಬರ ಜೀಪು ಬಂತು ನೋಡಿ, ಎರಡೂ ದೀಪ ಝಗಮಗ ಉರಿಸಿಕೊಂಡು! ಗುಡಿ, ಗಿರಣಿ, ಗೌಡರ ಎಮ್ಮೆ ಎಲ್ಲ ಹಗಲಿನ ಹಾಗೆ ಕಂಡವು. ಜೀಪು ನಮ್ಮ ಮನೆ ಮುಂದೆಯೇ ನಿಂತಿತು. ಸಾಹೇಬರು ಇಳಿದು, "ಭೇಷ್ ಮೇಷ್ಟ್ರೆ, ಒಂದು ದೀಪಾನೂ..." ಅನ್ನುವಷ್ಟರಲ್ಲಿ ಅತ್ತೆ ಎರಡೂ ಕೈಯಲ್ಲಿ ಒಂದೊಂದು ಪುಟ್ಟಿ ಹಿಡಿದು ಓಡಿಬಂದು ಜೀಪಿನ ಎರಡು ದೀಪಕ್ಕೂ ಗಬಕ್ಕನೆ ಮುಚ್ಚಿದರು.

"ಆರಿಸ್ರೀ ಮೊದ್ಲು! ಒಂದು ದೀಪ ಕಂಡ್ರೆ ಹಿನ್ನೀರಿಗೆ ಹಾಕ್ಸೋ ಸಾಹೇಬ ಒಬ್ಬ ಬರ್ತಾನಂತೆ. ನಮ್ಮ ಅಳಿಯ ಹಸುಗೂಸು ಬಿಟ್ಟು ಹೋಗಬೇಕಾಗ್ತೈತೆ. ನಿಮ್ಮನೇಲಿ ಹೆಂಡ್ರು ಮಕ್ಳು ಇಲ್ಲೇನ್ರೀ?"

ನನ್ನ ಜೀವ ಬಾಯಿಗೆ ಬಂತು. ಸಾಹೇಬರು ಡ್ರೈವರಿಗೆ "ಆರಿಸಪ್ಪ" ಅಂದರು. ಆಮೇಲೆ ಕತ್ತಲಲ್ಲೇ ಮೆಲ್ಲಗೆ ಅತ್ತೆಗೆ, "ಆ ಸಾಹೇಬ್ರು ಇನ್ನು ಬರಲ್ಲ ಬಿಡ್ರಿ ತಾಯಿ. ನಿಮ್ಮ ಅಳಿಯ ಇಲ್ಲೇ ಇರ್ತಾರೆ" ಅಂದರು.

ಅತ್ತೆ ಪುಟ್ಟಿ ಕೊಡವಿಕೊಂಡು ಒಳಗೆ ಹೊರಟರು.

"ಬಂದ್ರೆ ಬರ್ಲಿ ಬಿಡಪ್ಪಾ. ಅವನ ತಲೆ ಮ್ಯಾಲೆ ಹಾಕಾಕೆ ಇನ್ನೊಂದು ಪುಟ್ಟಿ ಐತೆ!"