ಚೊಗರು ಬಿದ್ದ ಬಿಳಿ ಅಂಗಿ

ಯಾವ ಕಲೆಗೆ ಯಾವ ಮದ್ದು ಎಂಬ ವಿದ್ಯೆ ನನಗೆ ಒಲಿಯಲೇ ಇಲ್ಲ. ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು, ಲಾಟೀನಿನ ಗಾಜಿಗೆ ಬೂದಿ, ಕನ್ನಡಿಗೆ ಹಳೆಯ ಪೇಪರು, ಜಿಡ್ಡು ಹಿಡಿದ ಬಾಗಿಲಿಗೆ ಸೀಮೆಎಣ್ಣೆ ಎಂದು ನನ್ನ ಹೆಂಡತಿ ಗಿರಿಜೆ ಎಷ್ಟು ಸಲ ಹೇಳಿಕೊಟ್ಟರೂ ಕೆಲಸಕ್ಕೆ ಕೂತೊಡನೆ ಎಲ್ಲವೂ ಕಲಸುಮೇಲೋಗರ. ಒಮ್ಮೆ ಕನ್ನಡಿಗೆ ಸೀಮೆಎಣ್ಣೆ ಬಳಿದು, ವಾರವಿಡೀ ಮಸುಕಿನಲ್ಲೇ ಗಡ್ಡ ಕೆರೆದುಕೊಂಡವನು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ ಎಂಬುದನ್ನು ಇಲ್ಲಿ ಹೇಳದಿದ್ದರೇ ಒಳ್ಳೆಯದಿತ್ತು.

ಎಪ್ಪತ್ತರ ದಶಕದ ಮಾತು. ಆಗ ಚನ್ನಗಿರಿಯಲ್ಲಿದ್ದೆವು. ಮೊದಲ ದೀಪಾವಳಿಗೆ ನ್ಯಾಮತಿಯ ಮಾವನವರು ನನಗೊಂದು ಬಿಳಿ ಪಾಪ್ಲಿನ್ ಅಂಗಿ ಹೊಲಿಸಿಕೊಟ್ಟಿದ್ದರು. ತಾವು ತೇಪೆ ಹಾಕಿದ ಜುಬ್ಬಾ ತೊಡುವ ಮನುಷ್ಯ ಅಳಿಯನಿಗೆಂದು ಕೊಟ್ಟದ್ದು. ನನಗೆ ಅದರ ಮೇಲೆ ಬಲು ಪ್ರೀತಿ. ತವರಿಗೆ ಹೋಗಿದ್ದ ಗಿರಿಜೆಯನ್ನು ಕರೆದುಕೊಂಡು ಅವರು ಭಾನುವಾರ ಬರುವವರಿದ್ದರು. ಅಪ್ಪನಿಗೆ ಆ ಅಂಗಿಯಲ್ಲಿ ನಿಮ್ಮನ್ನು ನೋಡಬೇಕಂತೆ ಎಂದು ಅವಳು ಕಾಗದ ಬರೆದಿದ್ದಳು. ಶುಕ್ರವಾರ ಅದನ್ನು ತೊಟ್ಟು ನೋಡಿದವನು, ಬಿಚ್ಚಿಡುವ ಬದಲು ಪಕ್ಕದ ಮನೆಯಲ್ಲಿ ಅಡಿಕೆ ಬೇಯಿಸುವುದನ್ನು ನೋಡಲು ಹೋದೆ. ಹಂಡೆಯೊಳಗೆ ಇಣುಕಿದೆ. ಮನೆಯಾಕೆ ರುದ್ರಮ್ಮ ಜಾಲರಿ ಎತ್ತಿದ್ದೇ ತಡ, ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ನೀರು, ನನ್ನ ಎದೆಗೆ ಸಿಡಿಯಿತು.

"ಅಯ್ಯೋ ಮೇಷ್ಟ್ರೇ, ಚೊಗರು ಹೋಗಾಕಿಲ್ರೀ! ನಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹಾಕ್ರಿ, ನೋಡಾನ" ಎಂದರು ರುದ್ರಮ್ಮ. "ನಿಂಬೆ ಬ್ಯಾಡ್ರಿ, ಮಜ್ಜಿಗೆಯಾಗೆ ನೆನೆಹಾಕ್ರಿ" ಎಂದರು ಅವರ ಗಂಡ. ಮನೆ ಸೇರುವಷ್ಟರಲ್ಲಿ ತಿಕ್ಕುವುದು ಯಾವುದನ್ನು, ನೆನೆಸುವುದು ಯಾವುದರಲ್ಲಿ ಎಂದು ತಲೆ ಕೆಟ್ಟಿತು. ಎರಡನ್ನೂ ತುಕ್ಕು ಹಿಡಿದ ಕಬ್ಬಿಣದ ಬಕೆಟ್ಟಿಗೆ ಸುರಿದು, ಇದೂ ಇರಲಿ ಎಂದು ಒಂದು ಹಿಡಿ ಬೂದಿ ಬೆರೆಸಿ ಅಂಗಿ ಮುಳುಗಿಸಿದೆ. ಬೆಳಗ್ಗೆ ಎತ್ತಿದರೆ ಕೆಂಪಗಿದ್ದ ಕಲೆ ತುಕ್ಕು ತಗುಲಿ ಕಪ್ಪಾಗಿತ್ತು. ಏನೂ ಇಲ್ಲದ ಕಡೆಯೂ ಹೊಸ ಕಲೆಗಳು. ನಿಜ ಹೇಳುತ್ತೇನೆ, ಅಳು ಬಂತು.

ಆಗ ಹೊಳೆಯಿತು ನನ್ನ ಮಹಾ ಉಪಾಯ. ಕಲೆಯನ್ನು ತೆಗೆಯಲಾಗದಿದ್ದರೆ ಅಂಗಿಯನ್ನೆಲ್ಲ ಕಲೆ ಮಾಡಿಬಿಡುವುದು! ರುದ್ರಮ್ಮನವರ ಹಂಡೆಯ ತಳದ ಗಟ್ಟಿ ಚೊಗರನ್ನು ಕೇಳಿ ತಂದು, ಎರಡೆರಡು ಸಲ ಅದ್ದಿ ಹಿಂಡಿದೆ. ಒಳ್ಳೆಯ ಕಂದು ಬಣ್ಣವೇ ಬಂದು ಕಲೆಗಳು ಅದರಲ್ಲಿ ಮುಚ್ಚಿಹೋದವು.

ಭಾನುವಾರ ಬಸ್ಸಿಳಿದು ಮನೆಗೆ ಬಂದ ಮಾವನವರು ಅದೇ ಕಂದು ಅಂಗಿ ತೊಟ್ಟಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿಳೀ ಅಂಗಿ ಎತ್ತಿಟ್ಟೀರೇನ್ರೀ?" ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ನಾನು ಕೇಳಿದೆ. "ನೋಡವ್ವಾ ಗಿರಿಜಾ, ಬಟ್ಟೆ ಬಾಳಿಸೋದು ಅಂದ್ರೆ ಹಿಂಗೆ! ಇವರ ಕೈಯಾಗೆ ಬಿಳೀದು ಹಾಳಾಗಾಕಿಲ್ಲ" ಎಂದು ಸಂತೋಷದಿಂದ ಚೀಲದೊಳಗಿನ ಇನ್ನೊಂದು ಬಿಳಿ ಪಾಪ್ಲಿನ್ ತುಂಡು ತೆಗೆದರು. "ಹಿಡೀರಿ."

ಹಿರಿಯರು ಕೊಟ್ಟದ್ದನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವುದುಂಟೇ? ಎರಡನ್ನೂ ಚಾಚಿದೆ. ಉಗುರಿನಿಂದ ಮಣಿಕಟ್ಟಿನವರೆಗೂ ಅಂಗಿಯದೇ ಬಣ್ಣ. ಮಾವನವರು ಕೈ ನೋಡಿದರು, ಅಂಗಿ ನೋಡಿದರು, ಬಟ್ಟೆಯನ್ನು ಮಗಳ ಕೈಗೆ ಕೊಟ್ಟು ಕಾಲು ತೊಳೆಯಲು ಬಚ್ಚಲಿಗೆ ಹೋದರು. ಕೈಗಂಟಿದ ಚೊಗರಿಗೆ ಯಾವ ಮದ್ದು ಎಂದು ಗಿರಿಜೆಯನ್ನು ಕೇಳಬೇಕೆನಿಸಿತು. ಅವಳ ಮುಖ ನೋಡಿ, ನಾನೇ ಹುಣಸೆಹಣ್ಣು ಹುಡುಕಲು ಅಡಿಗೆಮನೆಗೆ ಹೋದೆ.