ಮಣೆಯ ಮೇಲಿನ ಇಟಲಿ

ಇಟಲಿ ಯುರೋಪಿನಲ್ಲಿದೆ ಎಂದು ಭೂಗೋಳದ ಮಾಸ್ತರರು ಕಲಿಸಿದ್ದು ಶುದ್ಧ ಸುಳ್ಳು. ಎಪ್ಪತ್ತರ ದಶಕದ ಕೊನೆಯಲ್ಲಿ ಅದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಹಿಟ್ಟಿನ ಗಿರಣಿಯ ಹಿಂದಿನ ಚಾಳಿನಲ್ಲಿ, ಎರಡನೆಯ ಮಾಳಿಗೆಯಲ್ಲಿತ್ತು. ಅದರ ಪ್ರಧಾನಿಯೂ ಅಡುಗೆಭಟ್ಟನೂ ನಮ್ಮ ಕಾಕಾನೇ. ಪ್ರಜೆ ಮಾತ್ರ ಒಬ್ಬರೂ ಇರಲಿಲ್ಲ!

ಕಾಕಾ ಧಾರವಾಡದ ಕಡೆಯವನು, ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಕಾರ್ಖಾನೆಯವರು ಇಟಲಿಯಿಂದ ಒಂದು ಯಂತ್ರ ತರಿಸಿದರು. ಅದನ್ನು ನಡೆಸುವುದನ್ನು ಕಲಿತು ಬಾ ಎಂದು ಕಾಕಾನನ್ನು ಬೆರ್ಗಾಮೊ ಎಂಬ ಊರಿಗೆ ಒಂದು ಚಳಿಗಾಲದ ಮಟ್ಟಿಗೆ ಕಳಿಸಿದರು. ಯಂತ್ರದ ಬಗ್ಗೆ ಏನು ಕಲಿತನೋ ದೇವರೇ ಬಲ್ಲ, ಅದು ಆಗಾಗ ಕೆಟ್ಟು ಕೂರುತ್ತಲೇ ಇತ್ತು. ಕಲಿತು ಬಂದದ್ದು ಅಡುಗೆ! ಅಂದಿನಿಂದ ಆ ಮನೆಗೆ ಹೋದ ಅತಿಥಿ ಚಹಾ-ಅವಲಕ್ಕಿಯ ಆಸೆ ಬಿಡಬೇಕಾಯಿತು.

"ಇಟಲಿ ಅಡಗಿ ಅಂಬೋದ ಇಲ್ಲ" ಎಂದು ಪ್ರವಚನ ಶುರುವಾಗುತ್ತಿತ್ತು. "ಊರಿಗೊಂದು ಅಡಗಿ. ಬೊಲೊನ್ಯಾದವರದು ಬೊಲೊನ್ಯಾಕ್ಕ, ಬೆರ್ಗಾಮೊದವರದು ಬೆರ್ಗಾಮೊಕ್ಕ. ಕೂಡಿಸಿದ್ರ ಹೊಡದಾಡ್ತಾವ!" ಬೆಳಗಾವಿ ಕುಂದಾವನ್ನೂ ಧಾರವಾಡ ಫೇಡೆಯನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಉರಿದು ಬೀಳುವ ಮನುಷ್ಯನಿಗೆ ಈ ವೇದಾಂತ ಹಿಡಿಸಿದ್ದರಲ್ಲಿ ಆಶ್ಚರ್ಯವೇನು?

ಬೆರ್ಗಾಮೊದವರ ಹೆಮ್ಮೆಯ ಖಾದ್ಯ ಪೊಲೆಂತಾ. ಹೆಸರು ಕೇಳಿ ಬೆದರಬೇಡಿ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ತೋಳು ಬಿದ್ದು ಹೋಗುವವರೆಗೆ ತಿರುವುವುದು, ಅಷ್ಟೇ. ಕಾಕಾನ ಹೆಂಡತಿ, ನಮ್ಮ ಕಾಕು, ಮೊದಲ ದಿನವೇ ಪಾತ್ರೆಯಲ್ಲಿ ಇಣುಕಿ, "ಇದು ಜ್ವಾಳದ ನುಚ್ಚು ಅಲ್ಲೇನ್ರಿ? ಇದಕ್ಕ ವಿಮಾನ ಹತ್ತಿ ಹೋಗಬೇಕಿತ್ತೇನು?" ಎಂದಳು. ಕಾಕಾ ಮಾತು ಬಿಟ್ಟ; ತಿರುವುವುದು ಬಿಡಲಿಲ್ಲ. ಬೆಂದದ್ದನ್ನು ತಾಟಿಗೆ ಬಡಿಸುವಂತಿಲ್ಲ. ಕಟ್ಟಿಗೆಯ ಹಲಗೆಯ ಮೇಲೆ ಬೋರಲು ಹಾಕಿ, ಚಾಕು ಮುಟ್ಟಿಸದೆ, ದಾರದಿಂದ ಕೊಯ್ಯಬೇಕಂತೆ. ದಾರಕ್ಕಾಗಿ ಕಾಕುವಿನ ಹೂವಿನ ಬುಟ್ಟಿಗೆ ಕೈ ಹಾಕುತ್ತಿದ್ದ. ಜನಿವಾರ ಬಿಚ್ಚಲಿಲ್ಲವಲ್ಲ, ಅದೇ ನಮ್ಮ ಪುಣ್ಯ!

ಇನ್ನು ವೈನು. ಅದಿಲ್ಲದೆ ಬೆರ್ಗಾಮೊದಲ್ಲಿ ಅತಿಥಿಯನ್ನು ಊಟದಿಂದ ಎಬ್ಬಿಸುವುದಿಲ್ಲವಂತೆ. ಕಾಕಾ ತಾನು ಒಂದು ಹನಿ ಮುಟ್ಟಿದವನಲ್ಲ, ಆದರೂ ಶಾಸ್ತ್ರ ಅಂದರೆ ಶಾಸ್ತ್ರ! ಕಲ್ಯಾಣದ ಮಾರ್ಕೆಟ್ಟಿನಿಂದ ಕರಿದ್ರಾಕ್ಷಿ ತಂದು, ಉಪ್ಪಿನಕಾಯಿ ಭರಣಿಯಲ್ಲಿ ಹಿಸುಕಿ, ಬಾಯಿ ಬಿಗಿದು ಮಂಚದ ಕೆಳಗೆ ಬಚ್ಚಿಟ್ಟ. ಒಂದು ಮಧ್ಯಾಹ್ನ ಭರಣಿ ಢಮ್ಮೆಂದಿತು. ವಾಸನೆ ಚಾಳಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಮರಾಠಿ ಆಜಿ ಬೈಯಲು ಓಡಿ ಬಂದಳು. ಹಿಂದೆಯೇ ಅವಳ ಗಂಡ ಬಂದ, ಕೈಯಲ್ಲಿ ಸ್ಟೀಲಿನ ಗ್ಲಾಸು ಹಿಡಿದು!

ಇಷ್ಟರವರೆಗೆ ನಗುವ ಮಾತಾಯಿತು. ಆದರೆ ಕಾಕಾನಿಗೆ ಮದುವೆಗೆ ಬಂದ ಮಗಳಿದ್ದಳು, ವರಸೆಯಲ್ಲಿ ನನಗೆ ತಂಗಿ. ಠಾಣೆಯಲ್ಲಿ ನೆಲೆಸಿದ ಹುಬ್ಬಳ್ಳಿ ಕಡೆಯ ಒಳ್ಳೆಯ ಮನೆತನವೊಂದು ಅವಳನ್ನು ನೋಡಲು ಬರುವುದೆಂದು ನಿಶ್ಚಯವಾಯಿತು. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಶಿರಾ. ಇದು ಬ್ರಹ್ಮ ಬರೆದಿಟ್ಟದ್ದು. ಆ ದಿನ ಬೆಳಿಗ್ಗೆ "ಇವತ್ತೊಂದು ದಿನ ನಿಮ್ಮ ಇಟಲಿ ಬಿಡ್ರಿ" ಎಂದು ಕಾಕು ಕೈಮುಗಿದಳು. ಅಷ್ಟಕ್ಕೆ ಕೇಳಿದ್ದರೆ ಅವನು ನಮ್ಮ ಕಾಕಾ ಹೇಗಾದಾನು?

ಬೀಗರಾಗಬೇಕಾದವರು ಬಂದರು; ನಾನೂ ಅಲ್ಲೇ ಇದ್ದೆ. ಕಾಕಾ ಬಡಿಗನಿಂದ ಹೊಸದಾಗಿ ಮಾಡಿಸಿದ ಹಲಗೆಯನ್ನು ತೊಳೆದು ಒರೆಸಿ ಕೋಣೆಯ ನಡುವೆ ಇಟ್ಟಿದ್ದ. ಹುಡುಗನ ಅಜ್ಜ ಅದನ್ನು ಕಂಡರು. ಹಿರಿಯರಿಗೆಂದು ಮಣೆ ಹಾಕಿದ್ದಾರೆ, ಎಂಥ ಸಂಸ್ಕಾರವಂತರು ಎಂದು ಮೆಚ್ಚಿ, ಧೋತರ ಸರಿಪಡಿಸಿಕೊಂಡು ಕೂತೇಬಿಟ್ಟರು! ಬಿಸಿ ಪಾತ್ರೆ ಹಿಡಿದು ಬಂದ ಕಾಕಾ ಚೀರಿದ: "ಅಜ್ಜಾರ, ಏಳ್ರಿ! ಅದು ಮಣಿ ಅಲ್ಲ, ತಾಟು!"

ಅಜ್ಜ ಎದ್ದರು. ಕಾಕಾ ಹಲಗೆಯನ್ನು ಮತ್ತೊಮ್ಮೆ ತಿಕ್ಕಿ ತೊಳೆದು ತಂದು, ಪೊಲೆಂತಾ ಬೋರಲು ಹಾಕಿ, ಭಕ್ತಿಯಿಂದ ದಾರ ಎಳೆದ. ಯಾರೂ ಕೈ ಚಾಚಲಿಲ್ಲ. "ಒಂದ ತುತ್ತು ರುಚಿ ನೋಡ್ರಿ" ಎಂದು ಅಂಗಲಾಚಿದ. ಹುಡುಗನ ತಾಯಿ ಮುಖ ತಿರುಗಿಸಿ, "ಇಂಥಾ ಹೊಸಾ ಹೊಸಾ ಆಟ ನಮ್ಮ ಮನ್ಯಾಗ ನಡ್ಯಂಗಿಲ್ಲ. ಬಂದಾಕಿ ನಮ್ಮಂಗ ಇರಬೇಕು" ಎಂದು ಎದ್ದರು. ಚಹಾ ಕೂಡ ಕುಡಿಯದೆ ಎಲ್ಲರೂ ಇಳಿದು ಹೋದರು.

ಕಾಕು ಒಲೆಯ ಮುಂದೆ ಕೂತು ಅಳತೊಡಗಿದಳು. ನನಗೆ ತಡೆಯಲಾಗಲಿಲ್ಲ. "ಒಂದು ಬಟ್ಟಲು ಉಪ್ಪಿಟ್ಟು ಮಾಡಿದ್ರ ನಿನ್ನ ಗಂಟೇನು ಹೋಗತಿತ್ತು, ಕಾಕಾ?" ಎಂದೆ.

ಕಾಕಾ ತಗ್ಗಿದ ದನಿಯಲ್ಲಿ ಹೇಳಿದ: "ಬೆರ್ಗಾಮೊಕ್ಕ ಹೋದ ಹೊಸದರಾಗ ಎಲ್ಲಾದರಾಗೂ ಮಾಂಸ. ಬರೇ ಬ್ರೆಡ್ ತಿಂದು ಒಣಗಿದ್ದೆ. ಅವರ ಭಾಷಾ ಬರತಿದ್ದಿಲ್ಲ. ಮನಿ ಮಾಲಕಿ ಮುದುಕಿ ನನ್ನ ಮಾರಿ ನೋಡಿ, ನನ್ನ ಸಲುವಾಗಿ ಬ್ಯಾರೆ ಪಾತ್ರಿ ಇಟ್ಟು ಇದನ್ನ ಮಾಡಿದ್ಲು. ನಾ ಒಯ್ದಿದ್ದ ಚಟ್ನಿಪುಡಿ ತಾನೂ ಹಚ್ಚಿಕೊಂಡು ತಿಂದ್ಲು. ಕಣ್ಣಾಗ ನೀರು ಸುರದ್ರೂ ಬಿಡಲಿಲ್ಲ. ನನ್ನ ಮಗಳೂ ನಾಳೆ ಗೊತ್ತಿಲ್ಲದ ಮನಿಗೆ ಹೋಗಾಕಿ. ಗೊತ್ತಿಲ್ಲದ್ದೊಂದು ತುತ್ತು ಬಾಯಾಗ ಹಾಕಿ ನೋಡಲಾರದವರು, ಗೊತ್ತಿಲ್ಲದ ಹುಡುಗೀನ ಹೆಂಗ ನೋಡಕೋತಾರ?"

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ತಂಗಿ, ಉಟ್ಟ ರೇಶಿಮೆ ಸೀರೆಯಲ್ಲೇ ಬಂದು ಹಲಗೆಯ ಮುಂದೆ ನೆಲದ ಮೇಲೆ ಕೂತಳು. ಆರಿ ಗಟ್ಟಿಯಾಗಿದ್ದ ಪೊಲೆಂತಾದ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿ, ಕಾಕಾನ ಕಡೆ ನೋಡಿದಳು.

"ಅಪ್ಪಾ, ಮುಂದ ಬರೋರಿಗೂ ಇದನ್ನ ಮಾಡು."